ಬಾಂದ್ರಾ ಕಾಟೇಜಿನ ಪಡುವಣ ಗೋಡೆ

೩ ಮಾರ್ಚ್, ಸೋಮವಾರ

ಬರೆಯಬೇಕಂತೆ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಅರವತ್ತೆಂಟನೇ ವಯಸ್ಸಿನಲ್ಲಿ ಕೈಗೆ ಪೆನ್ನು ಕೊಟ್ಟು, ದಿನಾ ಒಂದು ಪುಟ ಎಂದು ಹುಕುಂ ಮಾಡಿ ಹೋಗಿದ್ದಾಳೆ ಮೊಮ್ಮಗಳು ಶ್ರೇಯಾ. ಆರ್ಕಿಟೆಕ್ಟ್ ಕಾಲೇಜು, ಎರಡನೇ ವರ್ಷ. ಅವಳದೊಂದು ಪ್ರಾಜೆಕ್ಟು — ಇಂಗ್ಲೆಂಡಿನ ಹಳ್ಳಿ ಮನೆಗಳ ಥರ ಮುಂಬೈಯಲ್ಲಿ ಕಟ್ಟಿದ ಹಳೇ ಕಾಟೇಜುಗಳು. ಅಲ್ಲಿ ಕೆಲಸ ಮಾಡಿದವರ ನೆನಪು ಬೇಕಂತೆ.

"ಬಾಯಿಲೆ ಹೇಳ್ತೀನಿ, ಫೋನಿನಾಗ ತುಂಬಕೋ" ಎಂದೆ.

"ನಹೀ ಅಜ್ಜಿ. ಫೋನ್ ಮುಂದ ನೀ ಸಿರ್ಫ್ ಬೈತಿ. ಬರದ್ರ ಸ್ಲೋ ಆಗ್ತಿ. ಸ್ಲೋ ಆದ್ರ ಯಾದ್ ಬರ್ತದ."

ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಆಮೇಲೆ ಯಾರಿಂದಲೋ ಓದಿಸುತ್ತಾಳಂತೆ. ಅಂದರೆ ಸದ್ಯಕ್ಕೆ ಓದುವವರು ಯಾರೂ ಇಲ್ಲ. ಸುಮ್ಮನೆ ಕಾಗದ ಹಾಳು.

ಬೇಳೆ ಆರಿಸುವುದು ಬಿಟ್ಟು ಇದು. ನಲ್ಲಿ ಬಂತು. ಏಳುತ್ತೇನೆ.

೪ ಮಾರ್ಚ್, ಮಂಗಳವಾರ, ಮಧ್ಯಾಹ್ನ

ಏನು ಬರೆಯಲಿ? ನನ್ನ ಗಂಡ ಗುರುಬಸವ ಗೌಂಡಿ. ವಿಜಯಪುರ ಕಡೆಯವರು. ಗಾರೆ ಕೆಲಸ ಅವರ ಮನೆತನದ್ದು. ಮದುವೆಯಾದ ಮರುವರ್ಷ ಮುಂಬೈ. ಎಲ್ಲರೂ ಸಿಮೆಂಟಿನ ಹಿಂದೆ ಬಿದ್ದ ಕಾಲ. ಇವರದು ಒಂದೇ ಹಟ — ಸುಣ್ಣ. ಬಾಂದ್ರಾದ ಹಳೇ ಕಾಟೇಜಿನವರು ಹುಡುಕಿಕೊಂಡು ಬರುತ್ತಿದ್ದರು.

ಗಾರೆ ಹದ ಮಾಡುವುದು ಹೆಂಗಸರ ಕೆಲಸ. ಸುಣ್ಣದ ಕಲ್ಲು ನೀರಿಗೆ ಹಾಕಬೇಕು, ಕೊತ ಕೊತ ಕುದಿಯುತ್ತದೆ. ತಿಂಗಳು ನೆನೆಯಬೇಕು. ಇಟ್ಟಂಗಿ ಪುಡಿ ಹಾಕಿ, ಬೆಲ್ಲದ ನೀರು ಬಿಟ್ಟು, ಅರೆದು ಅರೆದು ಬೆಣ್ಣೆಯಂತಾಗಬೇಕು. ಗಂಡಸರು ಕರಣೆ ಹಿಡಿದು ಬಳಿಯುತ್ತಾರೆ, ಹೆಸರು ಅವರಿಗೆ. ಅಂಗೈ ಸುಡುವುದು ನಮ್ಮದು. ಇರಲಿ.

ಗುರುಬಸವ ಹೇಳುತ್ತಿದ್ದ ಮಾತು — ಮಣ್ಣಿನ ಗೋಡೆ ಬೆವರುತ್ತದೆ, ಬೆವರು ಹೊರಗೆ ಹೋಗಬೇಕು, ಸುಣ್ಣ ಅಂದರೆ ಅದಕ್ಕೆ ಹತ್ತಿಯ ಅಂಗಿ.

ಇಷ್ಟೇ. ಇನ್ನು ನೆನಪಿಲ್ಲ.

೫ ಮಾರ್ಚ್

ನೆನಪಿದೆ. ಬರೆಯಲು ಮನಸ್ಸಿಲ್ಲ.

೬ ಮಾರ್ಚ್, ಗುರುವಾರ

ಊಟಕ್ಕೆ ಕೂತಾಗ ಮಗ ಶೇಖರ ಸುದ್ದಿ ಹೇಳಿದ. ಬಾಂದ್ರಾದಲ್ಲಿ ಒಂದು ಕಾಟೇಜು ಕೆಡವುವ ಕೆಲಸ ಅವನಿಗೆ ಸಿಗುತ್ತದಂತೆ. ಇಷ್ಟು ದಿನ ಸಣ್ಣ ಪುಟ್ಟ ಗೋಡೆ ಒಡೆಯುವ ಕಾಂಟ್ರ್ಯಾಕ್ಟರ್. ಈಗ ಬಿಲ್ಡರನೇ ಕರೆದು ಮಾತಾಡಿದ್ದಾನೆ. ಖುಷಿಯಲ್ಲಿ ಎರಡು ರೊಟ್ಟಿ ಹೆಚ್ಚು ತಿಂದ.

"ಯಾವ ಕಾಟೇಜು?"

"ಅದೇ ಯವ್ವಾ, ಫಿಲೋಮಿನಾ ಬಾಯಿದು. ಅಪ್ಪ ಗ್ವಾಡಿಗೆ ಸುಣ್ಣದ ಗಿಲಾವು ಬಳದು ಕೆಡಿಸಿದ್ನಲ್ಲ, ಆ ಮನಿ."

ತುತ್ತು ತಾಟಿಗೆ ಹಾಕಿದೆ. ಅವನು ಮುಂದುವರಿಸಿದ.

"ಮನಿ ಡೇಂಜರ್ ಐತಿ ಅಂತ ವಾರ್ಡ್ ಆಫೀಸಿಗೆ ರಿಪೋರ್ಟ್ ಹೋಗೇತಿ. ಎಂಜಿನಿಯರ್ ನನ್ನ ಹೇಳಿಕೀನೂ ತಗೊಂಡ. ಗೌಂಡಿ ಮಗ ಅಲ್ಲೇನ್ ನಾ! ಎರಡ ಮಳಿಗೆ ಸುಣ್ಣ ಉದುರಿ ಬಿತ್ತು, ಸುಣ್ಣಕ್ಕ ದಮ್ ಇಲ್ಲ ಅಂತ ಬರದು ಸಹಿ ಮಾಡೀನಿ."

"ನಿನ್ನ ಯಾರು ಕೇಳಿದ್ರು? ದೊಡ್ಡ ಶ್ಯಾಣ್ಯಾ!" ಎಂದು ತಾಟು ಎತ್ತಿಕೊಂಡು ಒಳಗೆ ಹೋದೆ. ಸೊಸೆ ಸಪ್ನಾ ಗಂಡನ ಮುಖ ನೋಡಿದಳು, ನನ್ನ ಬೆನ್ನು ನೋಡಿದಳು. 

ಅಡಿಗೆಮನೆಯಿಂದ ಗ್ಯಾಲರಿ, ಗ್ಯಾಲರಿಯಿಂದ ಅಡಿಗೆಮನೆ. ಕಾಲು ನಿಲ್ಲುತ್ತಿಲ್ಲ.

೮ ಮಾರ್ಚ್, ಶನಿವಾರ, ಸಂಜೆ ೫

ಹೋಗಿ ಬಂದೆ. ವಿಕ್ರೋಳಿಯಿಂದ ಲೋಕಲ್, ದಾದರಿನಲ್ಲಿ ಬದಲಿ, ಬಾಂದ್ರಾ. ಶ್ರೇಯಾ ಜೊತೆಗೆ. ಅವಳಿಗೆ ಫೋಟೋ ಬೇಕು, ನನಗೆ ಗೋಡೆ.

ನಲವತ್ತು ವರ್ಷವಾಗಿತ್ತು ಆ ಬೀದಿಗೆ ಕಾಲಿಟ್ಟು. ಸುತ್ತ ಬಿಲ್ಡಿಂಗು. ನಡುವೆ ಕುಬ್ಜನ ಹಾಗೆ ಆ ಮನೆ. ಕಡಿದಾದ ಹಂಚಿನ ಮಾಡು, ಮೊಳಕಾಲುದ್ದದ ಕಿಟಕಿ, ಬಗ್ಗಿ ಹೋಗುವ ಬಾಗಿಲು. ಫಿಲೋಮಿನಾ ಬಾಯಿಗೆ ಎಂಬತ್ತೊಂದು. ಒಬ್ಬಳೇ. ನನ್ನನ್ನು ನೋಡಿ ಕನ್ನಡಕ ಏರಿಸಿ —

"ಅರೇ, ಚೂನೇವಾಲಿ! ತುಮ್ ಅಭೀ ತಕ್ ಜಿಂದಾ ಹೈ?"

ಸುಣ್ಣದವಳು ಇನ್ನೂ ಬದುಕಿದ್ದಾಳಾ ಅಂತ. "ಆಪ್ ಭೀ ತೋ ಹೈ" ಎಂದೆ, ನೀವೂ ಇದ್ದೀರಲ್ಲ. ನಕ್ಕಳು. ಹಲ್ಲಿಲ್ಲ.

ಶ್ರೇಯಾಗೆ ಮನೆಯ ಕಥೆ ಹೇಳಿದಳು. ರೈಲ್ವೆಯ ಒಬ್ಬ ಇಂಗ್ಲಿಷ್ ಸಾಹೇಬ ಕಟ್ಟಿಸಿದ್ದು. ಅವನ ಹಳ್ಳಿಯಲ್ಲಿ ಅವನ ತಾಯಿಯ ಮನೆ ಹೀಗೇ ಇತ್ತಂತೆ. ಅದರ ಫೋಟೋ ಹಿಡಿದು ಇಲ್ಲಿನ ಗೌಂಡಿಗಳ ಎದುರು ನಿಂತು ಹಾಗೇ ಮಣ್ಣಿನ ಗೋಡೆ ಕಟ್ಟಿಸಿದ. ಮೊದಲು ಮಾಡಿಗೆ ಹುಲ್ಲು. ಮುಂಬೈ ಮಳೆಗೆ ಹುಲ್ಲು! ಹುಚ್ಚ. ಮೊದಲ ಜೂನಿನಲ್ಲೇ ಅರ್ಧ ಮಾಡು ಪಕ್ಕದ ಬಾವಿಗೆ ಬಿತ್ತಂತೆ. ಆಮೇಲೆ ಹಂಚು ಬಂತು. ಚಳಿ ಕಾಯಿಸಲು ಗೋಡೆಯೊಳಗೆ ಒಲೆ, ಮೇಲೆ ಹೊಗೆಗೂಡು. ಒಂದು ದಿನವೂ ಉರಿ ಹಾಕಲಿಲ್ಲ. ಸಾಹೇಬ ಹೋದಮೇಲೆ ಮನೆ ಅವನ ಗುಮಾಸ್ತನಿಗೆ, ಅಂದರೆ ಫಿಲೋಮಿನಾಳ ಅಜ್ಜನಿಗೆ ಬಂತು. ಇವಳ ತಾಯಿ ಆ ಒಲೆಯೊಳಗೆ ಒಣ ಮೀನು ತೂಗುಹಾಕುತ್ತಿದ್ದಳು. ನಾನೇ ನೋಡಿದ್ದೇನೆ.

"ಏಪ್ರಿಲ್ ಎರಡಕ್ಕ ವಾರ್ಡ್ ಆಫೀಸಿನ್ಯಾಗ ಹಿಯರಿಂಗ್ ಐತಂತ ಅಜ್ಜಿ" ಎಂದಳು ಶ್ರೇಯಾ, ರಿಪೋರ್ಟ್ ಓದುತ್ತ. "ಬರೀ ಪಶ್ಚಿಮ ಗೋಡೆ ಹಿಡಿದು ಎಲ್ಲಾ ಘರ್ ಡೇಂಜರ್ ಅಂದಾರ. ಸುಣ್ಣದ ರಿಪೇರಿ ಒಮ್ಮೆ ಫೇಲ್ ಆಗೇತಿ, ಮತ್ತ ಮಾಡಾಕ ಬರಂಗಿಲ್ಲ, ಕೆಡವಬೇಕು ಅಂತ."

ಹಿತ್ತಲಿಗೆ ಹೋದೆ. ಪಡುವಣ ಗೋಡೆ. ಮೇಲಿನ ಅರ್ಧ ಅಂದೇ ಉದುರಿದ್ದು, ತಾಡಪತ್ರಿ ಹೊದಿಸಿದ್ದಾರೆ. ಕೆಳಗಿನ ಅರ್ಧ ಇನ್ನೂ ಹಿಡಿದುಕೊಂಡಿದೆ. ಬೆರಳ ಗೆಣ್ಣಿನಿಂದ ಬಡಿದೆ. ಟೊಳ್ಳು. ಒಂದು ಚಕ್ಕೆ ಕಿತ್ತೆ. ಸುಣ್ಣವಾದರೆ ಉಗುರಿಗೆ ಪುಡಿಯಾಗುತ್ತದೆ. ಇದು ಆಗಲಿಲ್ಲ. ಅದರ ಹಿಂದೆ ಗೋಡೆ ಒದ್ದೆ ಬಟ್ಟೆಯಂತೆ. ಸಾಹೇಬನ ಕಾಲದ ಸುಣ್ಣ ಇರುವ ಉಳಿದ ಮೂರು ಗೋಡೆಗಳನ್ನೂ ಮುಟ್ಟಿ ನೋಡಿದೆ. ಬೆಚ್ಚಗೆ, ಒಣಗಿ, ಗಟ್ಟಿ.

ಫಿಲೋಮಿನಾ ಹಿಂದೆ ಬಂದು ನಿಂತಿದ್ದಳು. "ತೇರಾ ಆದ್ಮೀ ಅಚ್ಛಾ ಥಾ" ಎಂದಳು. "ಮೇರಾ ಡ್ಯಾಡಿ ಉಸ್ಕೋ ಚೋರ್ ಬೋಲಾ. ನಹೀ ಬೋಲನೇ ಕಾ ಥಾ." ನನ್ನ ಗಂಡ ಒಳ್ಳೆಯವನಂತೆ, ಅವಳಪ್ಪ ಅವನನ್ನು ಕಳ್ಳ ಅಂದದ್ದು ತಪ್ಪಂತೆ.

ಚಹಾ ಕುಡಿಯದೆ ಹೊರಟೆ. ಶ್ರೇಯಾಗೆ ಸಿಟ್ಟು — "ಕಿತನಾ ರೂಡ್ ಅಜ್ಜಿ!"

೯ ಮಾರ್ಚ್, ಭಾನುವಾರ

ಶ್ರೇಯಾ ಪಕ್ಕದಲ್ಲಿ ಕೂತು ಫೋನಿನಲ್ಲಿ ಇಂಗ್ಲೆಂಡಿನ ಹಳ್ಳಿಗಳನ್ನು ತೋರಿಸಿದಳು. ದಪ್ಪ ಗೋಡೆ, ಹುಲ್ಲಿನ ಮಾಡು, ಬಿಳಿ ಸುಣ್ಣ. ಮುನ್ನೂರು, ನಾನೂರು ವರ್ಷದವು. ಬಡವರ ಮನೆಗಳು. ಒಂದೇ ಕೋಣೆಯಲ್ಲಿ ಹತ್ತು ಜನ, ದನ ಪಕ್ಕದಲ್ಲಿ.

"ಗೋಡಿ ಎದರದು?"

"ಮಿಟ್ಟಿ. ಮಣ್ಣು, ಹುಲ್ಲು ಕಲಸಿ ಕಾಲಿಲೆ ತುಳೀತಿದ್ರಂತ."

ಹುಚ್ಚಿ. ಅದು ನಮ್ಮವ್ವ ತುಳಿದ ಕೆಸರು. ಅದಕ್ಕೆ ಇಂಗ್ಲೆಂಡಿಗೆ ಹೋಗಬೇಕೇ?

ಆಮೇಲೆ ಅವಳು ಒಂದು ಕುಸಿದ ಮನೆ ತೋರಿಸಿದಳು. "ನೋಡು ಅಜ್ಜಿ, ಇದು ಸ್ಯಾಡ್. ಮುನ್ನೂರು ವರ್ಷ ನಿಂತಿತ್ತು. ಕೋಯಿ ಬಂದು ಮಣ್ಣಿನ ಮೇಲೆ ಸಿಮೆಂಟ್ ಬಡದ. ನೀರು ಒಳಗೇ ಕೂತು ಗೋಡೆ ಮೆತ್ತಗಾಗಿ ಬಿತ್ತು. ಅಲ್ಲೆ ಭಾಳ ಮನಿ ಹಂಗ ಹೋಗ್ಯಾವಂತ. ಹೌ ಸ್ಟುಪಿಡ್, ನಾ?"

"ಹೂಂ" ಎಂದೆ. ಎದ್ದು ನೀರು ಕುಡಿದೆ. ಇನ್ನೊಮ್ಮೆ ಕುಡಿದೆ.

೧೦ ಮಾರ್ಚ್, ಸೋಮವಾರ, ಬೆಳಿಗ್ಗೆ ೧೧. ಮನೆಯಲ್ಲಿ ಯಾರೂ ಇಲ್ಲ

ಬರೆದುಬಿಡುತ್ತೇನೆ. ಈ ವಹಿ ಶ್ರೇಯಾಗೆ ಕೊಡುವುದಿಲ್ಲ. ಅವಳಿಗೆ ಬೇರೆ ತರುತ್ತೇನೆ.

೧೯೮೩, ಮೇ ಕೊನೆ. ಪಡುವಣ ಗೋಡೆಯ ಹಳೇ ಗಾರೆ ಕಿತ್ತಾಗಿತ್ತು, ಹೊಸದು ಬಳಿಯಬೇಕು. ಆಕಾಶ ಕಪ್ಪು. ಶೇಖರ ಹತ್ತು ತಿಂಗಳ ಕೂಸು. ನನ್ನ ಅಂಗೈ ಸುಣ್ಣಕ್ಕೆ ಸೀಳಿ ರಕ್ತ ಬರುತ್ತಿತ್ತು. ಕೂಸನ್ನು ಎತ್ತಿದರೆ ಗರಗಸದಂಥ ಅಂಗೈ ತಾಗಿ ಚೀರುತ್ತಿತ್ತು. ಪಕ್ಕದ ಚಾಳಿನ ಹೆಂಗಸು ಎತ್ತಿದರೆ ಸುಮ್ಮನಾಗುತ್ತಿತ್ತು. ಅದನ್ನು ನೋಡಿಕೊಂಡು ನಾನು ಗಾರೆ ಅರೆಯಬೇಕು.

"ಇನ್ನ ಹದಿನೈದ ದಿನ ನೆನೀಲಿ, ಅವಸರ ಬ್ಯಾಡ" ಎಂದ ಗುರುಬಸವ. ಅವನಿಗೇನು.

ಎದುರು ಬಿಲ್ಡಿಂಗ್ ಏಳುತ್ತಿತ್ತು. ಅಲ್ಲಿಂದ ಸೆರಗಿನಲ್ಲಿ ಸಿಮೆಂಟ್ ತಂದೆ. ಒಂದು ದಿನವಲ್ಲ, ಒಂಬತ್ತು ದಿನ. ಅರೆಯದ ಹಸಿ ಸುಣ್ಣಕ್ಕೆ ಬೆರೆಸಿದೆ. ಇಟ್ಟಂಗಿ ಪುಡಿ ಹೆಚ್ಚು ಹಾಕಿದೆ, ಬಣ್ಣ ಕಾಣಲಿಲ್ಲ. ಅವನು ಮೇಲೆ ಪರಾಂಚಿಯ ಹಲಗೆಯ ಮೇಲೆ, ನಾನು ಕೆಳಗೆ. ಬುಟ್ಟಿ ಏರಿಸಿದೆ, ಬಳಿದ.

"ಈ ಸಲದ ಸುಣ್ಣ ಏನ್ ಗಟ್ಟಿ ಹಿಡಿತೈತಿ ರಾಚಿ! ನಿನ್ನ ಕೈ ಹದಾ ಬಂತು ನೋಡು" ಎಂದ.

ಎರಡನೇ ಮಳೆಗಾಲಕ್ಕೆ ಹಾಸು ಹಾಸಾಗಿ ಬಿತ್ತು. ಫಿಲೋಮಿನಾಳ ಅಪ್ಪ ಬೀದಿಯಲ್ಲಿ ನಿಲ್ಲಿಸಿ ಕಳ್ಳ ಎಂದ, ಗಾರೆಗೆ ಕೊಟ್ಟ ಬೆಲ್ಲ ತಿಂದವನು ಎಂದ. ಆಮೇಲೆ ಯಾವ ಕಾಟೇಜಿನವರೂ ಕರೆಯಲಿಲ್ಲ. ಪವಾಯಿ, ವಿಕ್ರೋಳಿ ಸೈಟುಗಳಲ್ಲಿ ಸಿಮೆಂಟ್ ಹೊತ್ತ. ಗಾರೆಯ ಮಾತು ಮನೆಯಲ್ಲಿ ಎತ್ತಲಿಲ್ಲ. ಒಂದೇ ಸಲ ಕೇಳಿದ — ಎಲ್ಲಿ ತಪ್ಪಿತು ರಾಚಿ, ನೀರೇ ಹೆಚ್ಚಾಯಿತೇನು? ಇದ್ದೀತು ಎಂದೆ.

ಇದ್ದೀತು ಎಂದೆ.

ಸತ್ತು ಹನ್ನೊಂದು ವರ್ಷ.

೧೧ ಮಾರ್ಚ್, ಮಂಗಳವಾರ

ಶೇಖರನಿಗೆ ಹೇಳಿದೆ. ಕೆಲಸಕ್ಕೆ ಹೊರಟಿದ್ದ, ಬೂಟು ಹಾಕಿಕೊಳ್ಳುತ್ತಿದ್ದ.

"ಆ ಗೋಡಿ ನಿಮ್ಮಪ್ಪ ಕೆಡಿಸಿದ್ದಲ್ಲೋ. ನಾ ಕೆಡಿಸಿದ್ದು. ಸಿಮೆಂಟ್ ಬೆರೆಸಿದ್ದೆ."

ನಕ್ಕ. "ಆ ಮುದುಕಿ ನಿನಗ ಏನರ ಕುಡಿಸ್ಯಾಳೇನ ಯವ್ವಾ?"

ಎಲ್ಲಾ ಹೇಳಿದೆ. ನಿಂತುಕೊಂಡೇ ಹೇಳಿದೆ. ಒಂದು ಬೂಟು ಕೈಯಲ್ಲಿ ಹಿಡಿದು ಕೂತ.

"ಅಪ್ಪಗ ಗೊತ್ತಿತ್ತೇನ?"

"ಇಲ್ಲ."

"ಸಾಯೂತನಕಾ?"

"ಸಾಯೂತನಕಾ."

"ಸೈಟಿನ್ಯಾಗ ಮಂದಿ ಅಪ್ಪಗ 'ಸುಣ್ಣದ ಸಾಹೇಬ್ರು ಬಂದ್ರು' ಅಂತ ಚ್ಯಾಷ್ಟಿ ಮಾಡ್ತಿದ್ರು. ಹತ್ತು ವರ್ಷದಾಂವ ನಾ. ಅವರ ಜೋಡಿ ನಾನೂ ನಗ್ತಿದ್ದೆ, ಯವ್ವಾ. ಅಪ್ಪನ ಮುಂದನ."

ಇನ್ನೊಂದು ಬೂಟು ಹಾಕಿಕೊಂಡು ಹೋದ. ಬಾಗಿಲು ಹಾಕಲಿಲ್ಲ. ನಾನೇ ಎದ್ದು ಹಾಕಿದೆ.

೨೨ ಮಾರ್ಚ್, ಶನಿವಾರ

ಬರೆಯಲಿಲ್ಲ. ಹೋಳಿ ಬಂತು, ಹೋಯಿತು. ಹೋಳಿಗೆ ಮಾಡಲಿಲ್ಲ. ಶೇಖರ ಬರುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಉಪ್ಪು ಬೇಕಾದರೆ ಸಪ್ನಾಳನ್ನು ಕೇಳುತ್ತಾನೆ, ಡಬ್ಬಿ ನನ್ನ ಕೈಯ ಹತ್ತಿರವೇ ಇದ್ದರೂ.

ಶ್ರೇಯಾಗೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಬಾಂದ್ರಾಕ್ಕೆ ಹೋಗಿ ಗೋಡೆಯ ಚಕ್ಕೆ ತಂದು ಕಾಲೇಜಿನ ಮೇಡಮ್ಮಿಗೆ ಕೊಟ್ಟಳು. ಸಿಮೆಂಟ್ ಇದೆ ಎಂದು ಮೇಡಮ್ಮು ಬರೆದುಕೊಟ್ಟರು. ಆ ಗಿಲಾವು ಕಿತ್ತು, ಗೋಡೆ ಒಣಗಿಸಿ, ಸುಣ್ಣ ಬಳಿದರೆ ಮನೆ ನಿಲ್ಲುತ್ತದಂತೆ. ಅದು ನನಗೆ ಆ ಕಾಗದಕ್ಕಿಂತ ಮೊದಲೇ ಗೊತ್ತಿತ್ತು. ಆದರೆ ಮಗನ ಹೇಳಿಕೆ ರಿಪೋರ್ಟಿನಲ್ಲಿ ಇರುವತನಕ ವಾರ್ಡ್ ಆಫೀಸಿನವರು ತಾಯಿಯ ಮಾತು ಸುಳ್ಳು ಎನ್ನುತ್ತಾರೆ, ಅದನ್ನು ಅವನೇ ವಾಪಸ್ ತಗೋಬೇಕು ಎಂದರಂತೆ ಮೇಡಮ್ಮು.

೨೩ ಮಾರ್ಚ್, ಭಾನುವಾರ

ಇವತ್ತು ಶೇಖರ ಬಾಯಿ ಬಿಟ್ಟ.

"ಹನ್ನೆರಡು ಮಂದಿ ಆಳಿಗೆ ಕೆಲಸ ಕೊಡ್ತೀನಿ ಅಂದೀನಿ. ಈಗ ನಾ ಹೇಳಿದ್ದು ತಪ್ಪು ಅಂದ್ರ ಮುಂದ ಯಾವ ಬಿಲ್ಡರ್ ನನ್ನ ಬಾಗಿಲದಾಗ ನಿಂದ್ರಸ್ತಾನ?"

"ನಿಮ್ಮಪ್ಪನ್ನ ಯಾರೂ ನಿಂದ್ರಸಲಿಲ್ಲ. ನನ್ನಿಂದ."

"ಗೊತ್ತೈತಿ! ಹೊಳ್ಳಿ ಹೊಳ್ಳಿ ಹೇಳಬ್ಯಾಡ."

"ಹಂಗಾರ ಏನ್ ಮಾಡ್ತಿ?"

"ನೋಡೂಣು."

ನೋಡೂಣು. ಹನ್ನೆರಡು ದಿನದಿಂದ ಇದಕ್ಕೆ ಕಾಯುತ್ತಿದ್ದೆನೇ? ಫಿಲೋಮಿನಾಗೆ ಫೋನ್ ಮಾಡಿದೆ. ಎಲ್ಲಾ ಹೇಳಿದೆ. ಪೂರ್ತಿ ಕೇಳಿದಳು. ಆಮೇಲೆ "ಎರಡನೇ ತಾರೀಖು ಬಾ, ಜೊತೆಗೆ ಹೋಗೋಣ" ಎಂದು ಹಿಂದಿಯಲ್ಲಿ ಹೇಳಿ ಇಟ್ಟಳು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

೨೪ ಮಾರ್ಚ್, ಸೋಮವಾರ, ಬೆಳಿಗ್ಗೆ ೭

ಬಾಯಿಂದ ಹೇಳಿದರೆ ಎದ್ದು ಹೋಗುತ್ತಾನೆ. ಬರೆದು ಅವನ ಊಟದ ಡಬ್ಬಿಯ ಮೇಲೆ ಇಡುತ್ತೇನೆ. ಮೊದಲು ಇಲ್ಲಿ.

ಶೇಖರ,

ಮುನ್ಸಿಪಾಲ್ಟಿಯ ಕನ್ನಡ ಸಾಲೆಯಲ್ಲಿ ಏಳರತನಕ ಓದಿದ್ದೀ. ಓದು. ವಾರ್ಡ್ ಆಫೀಸಿಗೆ ನಾನು ಹೋಗುತ್ತೇನೆ, ನೀನು ಬೇಡ ಅಂದರೂ ಹೋಗುತ್ತೇನೆ. ಸಿಮೆಂಟ್ ಬೆರೆಸಿದವಳು ನಾನು ಎಂದು ಹೇಳಿ ಹೆಬ್ಬೆಟ್ಟಲ್ಲ, ಸಹಿ ಮಾಡುತ್ತೇನೆ. ಆದರೆ ನಿಮ್ಮಪ್ಪನ ಸುಣ್ಣ ಕೆಟ್ಟದ್ದು ಎಂಬ ಕಾಗದದ ಮೇಲೆ ಇರುವುದು ನಿನ್ನ ಸಹಿ. ಅದನ್ನು ನಾನು ಅಳಿಸಲಾರೆ. ನನ್ನ ಮೇಲಿನ ಸಿಟ್ಟು ಇಟ್ಟುಕೋ, ಬೇಕಾದಷ್ಟು ವರ್ಷ ಇಟ್ಟುಕೋ. ನೋಡೂಣು ಅನ್ನಬೇಡ. ಹೇಳಿಕೆ ವಾಪಸ್ ತಗೊಳ್ಳುತ್ತೀಯೋ ಇಲ್ಲವೋ — ಇಪ್ಪತ್ತೊಂಬತ್ತು, ಶನಿವಾರ, ಸಂಜೆಯೊಳಗೆ ನನಗೆ ಉತ್ತರ ಬೇಕು.