ಎಂಟು ಸುತ್ತು ಟೇಪಿನ ಡಬ್ಬಿ

ಫೆಬ್ರವರಿ ೩೦, ೨೦೯೭
ಹಳೇ ಕಸದ ಗುಡ್ಡ, ನಾಲ್ಕನೆಯ ಬಾಗಿಲು, ಗದಗಿನ ದಾರಿ

ನಿಖಿತಾ,

ತಾರೀಕು ನೋಡಿ ಈ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ನಿಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತು ಇರಲಿಲ್ಲವೆಂದು ನನಗೂ ಗೊತ್ತು. ನಮ್ಮಲ್ಲಿ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ಫೆಬ್ರವರಿ ಮುಗಿದ ಮೇಲೆ ಬರುತ್ತವೆ. ಅವುಗಳಿಗೆ ಹೊರದಿನ ಎನ್ನುತ್ತೇವೆ. ಆಗ ಗುಡ್ಡದಲ್ಲಿ ಕೆಲಸವಿರುವುದಿಲ್ಲ, ಎಲ್ಲರೂ ತಮ್ಮ ತಮ್ಮವರ ಹತ್ತಿರ ಹೋಗುತ್ತಾರೆ. ನಾಳೆಯಿಂದ ಹೊರದಿನ. ಈ ಬೆಳಿಗ್ಗೆಯೇ ಗಾಡಿಗಳೆಲ್ಲ ಹೊರಟುಹೋದವು. ನಾನು ಕಾಗದ ಹಿಡಿದು ಕೂತಿದ್ದೇನೆ. ‘ನಾವೆಲ್ಲರೂ ಕ್ಷೇಮ’ ಎಂದು ಪತ್ರ ಶುರು ಮಾಡುವ ರೂಢಿ ನಿಮ್ಮ ಕಾಲದಲ್ಲಿತ್ತಂತೆ. ನಾವೆಲ್ಲರೂ ಎನ್ನಲು ಇಲ್ಲಿ ನಾನೊಬ್ಬಳೇ ಇದ್ದೇನೆ, ಹಾಗಾಗಿ ಅದನ್ನು ಬಿಟ್ಟಿದ್ದೇನೆ. ಮಾತಿನ ನಡುವೆ ನಿನಗೆ ತಿಳಿಯದ ಶಬ್ದ ಬಂದರೆ ಕ್ಷಮಿಸು, ಆದಷ್ಟು ಬಿಡಿಸಿ ಹೇಳುತ್ತೇನೆ.

ನಿನ್ನನ್ನು ನೀನು ಎನ್ನಬೇಕೋ ನೀವು ಎನ್ನಬೇಕೋ ಎಂದು ಎರಡು ದಿನ ಯೋಚಿಸಿದೆ. ವಯಸ್ಸಿನಲ್ಲಿ ನೀನು ನನ್ನ ಅವ್ವನ ವಾರಿಗೆಯವಳು. ಆದರೆ ನನ್ನ ಕೈಗೆ ಸಿಕ್ಕಾಗ ನಿನಗೆ ಹದಿನೇಳು. ತಗಡಿನ ಕಂಪಾಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಕೈವಾರದ ಮೊನೆಯಿಂದ ನೀನೇ ಕೆತ್ತಿದ್ದೀಯ: ‘ನಿಖಿತಾ ಕಮತರ, ಪಿಯುಸಿ ಸೆಕೆಂಡ್ ಇಯರ್’. ಇಯರ್ ಎಂಬುದರ ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಕೆಳಗೆ ಇಳಿಸಿದ್ದೀಯ. ಅದನ್ನು ನೋಡಿದ ಮೇಲೆ ನಿನಗೆ ನೀವು ಎನ್ನಲು ಬಾಯಿ ಬರುತ್ತಿಲ್ಲ.

ನಾನು ದಾಕ್ಷಾಯಣಿ. ಅರವತ್ತೊಂದು ತುಂಬಿದೆ. ನಿಮ್ಮ ಊರುಗಳೆಲ್ಲ ಸೇರಿ ಸುರಿದ ಕಸ ಇಲ್ಲಿ ಗುಡ್ಡವಾಗಿ ಬಿದ್ದಿದೆ. ಅದನ್ನು ಮೇಲಿನಿಂದ ಪದರು ಪದರಾಗಿ ಬಿಚ್ಚಿ ತಾಮ್ರ, ತಗಡು, ಗಾಜು ಬೇರೆ ಮಾಡುವುದು ನಮ್ಮ ಕೆಲಸ. ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಕು ನೋಡಿ ಯಾವ ವರ್ಷದ ಪದರು ಎಂದು ಹೇಳುತ್ತೇವೆ. ಪ್ಲಾಸ್ಟಿಕ್ಕಿನ ಚೀಲಗಳು ಹಾಗೇ ಇರುತ್ತವೆ, ಒಳಗಿದ್ದ ಅನ್ನ ಸಾರು ಮಾತ್ರ ಮಣ್ಣಾಗಿರುತ್ತದೆ. ಒಬ್ಬೊಬ್ಬರ ಮನೆಯ ಚೀಲ ಬಿಚ್ಚಿದಾಗ ಅವರ ಮನೆಯೊಳಗೆ ಹೊಕ್ಕು ಬಂದ ಹಾಗಾಗುತ್ತದೆ. ಯಾರ ಮನೆಯಲ್ಲಿ ಕೂಸು ಹುಟ್ಟಿತ್ತು, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಗಂಡನಿಗೆ ತಿಳಿಯದಂತೆ ಸೀರೆ ಕೊಂಡಿದ್ದರು, ಎಲ್ಲ ನಮಗೆ ಗೊತ್ತು. ಬಾಯಿ ಬಿಡುವುದಿಲ್ಲ, ಅಷ್ಟೇ.

ನಿನ್ನ ಡಬ್ಬಿಯಲ್ಲಿದ್ದದ್ದಕ್ಕೆ ನಾವು ಹೊಗೆಪೆನ್ನು ಎನ್ನುತ್ತೇವೆ. ನೀವು ವೇಪ್ ಎನ್ನುತ್ತಿದ್ದಿರಂತೆ. ನಿಮ್ಮ ಕಾಲದಲ್ಲಿ ಅದನ್ನು ಮಾರುವುದು ಕಾನೂನಿಗೆ ವಿರುದ್ಧವಾಗಿತ್ತೆಂದು ಓದಿದ್ದೇನೆ. ಆದರೂ ಈ ಗುಡ್ಡದಲ್ಲಿ ಅವು ಎಷ್ಟು ಸಿಗುತ್ತವೆ ಎಂದರೆ, ಒಂದು ಪದರು ಅಗೆದರೆ ಬುಟ್ಟಿ ತುಂಬುತ್ತದೆ. ಮತ್ತೆ ಒಂದಾದರೂ ಬೆತ್ತಲೆಯಾಗಿ ಸಿಕ್ಕಿದ್ದಿಲ್ಲ! ಕಾಲುಚೀಲದೊಳಗೆ, ಶಾಂಪೂ ಬಾಟಲಿಯೊಳಗೆ, ಬಿಸ್ಕತ್ತಿನ ಡಬ್ಬಿಯೊಳಗೆ, ಒಂದಂತೂ ಕೊರೆದ ತೆಂಗಿನ ಚಿಪ್ಪಿನೊಳಗೆ. ಸೇದುವಾಗ ಕದ್ದದ್ದು, ಎಸೆಯುವಾಗಲೂ ಕದ್ದು. ಹಳೆಯ ಬ್ಯಾಟರಿ ತೆಗೆದುಕೊಳ್ಳುವ ಜಾಗಕ್ಕೆ ಒಯ್ದು ಕೊಟ್ಟರೆ ‘ಇದು ಎಲ್ಲಿಂದ ಬಂತು’ ಎಂದು ಕೇಳಿಯಾರು ಎಂಬ ಹೆದರಿಕೆಯಿಂದ ಎಲ್ಲರೂ ಅವನ್ನು ಮುಸುರೆಯ ಜೊತೆ ಕಟ್ಟಿ ಹಾಕಿದಿರಿ. ಪೆನ್ನಿನಷ್ಟೇ ಸಣ್ಣದು, ಅದರೊಳಗೆ ಬೆರಳಿನಷ್ಟು ಲಿಥಿಯಂ ಬ್ಯಾಟರಿ. ಅದನ್ನು ಜಜ್ಜಿದರೆ, ಚುಚ್ಚಿದರೆ, ಅದರ ಎರಡು ತುದಿಗೂ ಒಂದೇ ತಗಡು ತಾಗಿದರೆ ಅದು ಉರಿಯುತ್ತದೆ. ನಿಮ್ಮ ಕಾಲದಲ್ಲೇ ಕಿಸೆಯಲ್ಲಿ ಚಿಲ್ಲರೆಯ ಜೊತೆ ಇಟ್ಟು ತೊಡೆ ಸುಟ್ಟುಕೊಂಡವರಿದ್ದರು, ದಿಂಬಿನ ಕೆಳಗೆ ಚಾರ್ಜಿಗಿಟ್ಟು ಹಾಸಿಗೆ ಸುಟ್ಟುಕೊಂಡವರಿದ್ದರು. ಇಷ್ಟು ವರ್ಷ ಹೂತಿದ್ದವು ಹೆಚ್ಚಾಗಿ ಸತ್ತೇ ಇರುತ್ತವೆ. ಎಲ್ಲೋ ಒಂದು, ನೀರು ಗಾಳಿ ತಾಗದೆ ಬೆಚ್ಚಗೆ ಕೂತದ್ದು, ಹೊಟ್ಟೆಯಲ್ಲಿ ವಿಷ ಇಟ್ಟುಕೊಂಡೇ ಇರುತ್ತದೆ. ಹೊರಗಿನಿಂದ ನೋಡಿದರೆ ಯಾವುದೆಂದು ಯಾರ ಅಪ್ಪನಿಗೂ ತಿಳಿಯುವುದಿಲ್ಲ.

ಅದಕ್ಕೇ ಗುಡ್ಡದಲ್ಲಿ ಯಾರೂ ಒಬ್ಬರೇ ಕೆಲಸ ಮಾಡುವುದಿಲ್ಲ. ಜೋಡಿ ಇರಬೇಕು. ಒಬ್ಬಳು ಬಿಚ್ಚುತ್ತಾಳೆ, ಇನ್ನೊಬ್ಬಳು ಮರಳಿನ ಬಕೀಟು ಹಿಡಿದು ಎರಡು ಹೆಜ್ಜೆ ಹಿಂದೆ ನಿಲ್ಲುತ್ತಾಳೆ. ಮುಚ್ಚಿದ ಡಬ್ಬಿ ಸಿಕ್ಕರೆ ಅದನ್ನು ತೊಟ್ಟಿಯಲ್ಲಿಟ್ಟು, ಮುಖದ ಗವುಸು ಕೆಳಗಿಳಿಸಿ, ‘ಮರಳು ಐತೇನು?’ ಎಂದು ಕೂಗಬೇಕು. ಹಿಂದಿನವಳು ತನ್ನ ಗವುಸು ಇಳಿಸಿ ‘ಐತಿ’ ಎನ್ನಬೇಕು. ಇಬ್ಬರೂ ಗವುಸು ಮತ್ತೆ ಏರಿಸಿದ ಮೇಲೆಯೇ ಉದ್ದ ಹಿಡಿಕೆಯ ಕತ್ತರಿ ಎತ್ತುವುದು. ಉತ್ತರ ಬರುವ ತನಕ ಕೈ ಆಡಿಸುವಂತಿಲ್ಲ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಇದೇ ಕೂಗು. ಹೊಸಬರು ನಗುತ್ತಾರೆ, ಬಕೀಟು ಕಣ್ಣೆದುರೇ ಇದೆಯಲ್ಲ, ಕೇಳುವುದೇನು ಎಂದು. ನಾನೂ ಒಂದು ಕಾಲಕ್ಕೆ ನಕ್ಕವಳೇ.

ನನ್ನ ಜೋಡಿ ಫಕೀರವ್ವ. ನನಗಿಂತ ನಾಲ್ಕು ವರ್ಷ ಹಿರಿಯಳು, ನಾನು ಅಕ್ಕ ಎನ್ನುತ್ತಿದ್ದೆ. ಹತ್ತೊಂಬತ್ತು ವರ್ಷ ಒಂದೇ ಕೋಣೆ, ಒಂದೇ ಒಲೆ. ನನಗೂ ಯಾರಿಲ್ಲ, ಅವಳಿಗೂ ಯಾರಿರಲಿಲ್ಲ. ಹೊರದಿನ ಬಂದರೆ ಉಳಿದವರು ಗಾಡಿ ಹತ್ತಿ ಹೋಗುವುದನ್ನು ಇಬ್ಬರೂ ಬಾಗಿಲಲ್ಲಿ ಕೂತು ನೋಡುತ್ತಿದ್ದೆವು. ಅವಳು ಪ್ರತಿ ಗಾಡಿಗೂ ಒಂದೊಂದು ಹೆಸರಿಟ್ಟು ಅಣಕಿಸುತ್ತಿದ್ದಳು, ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಅವಳ ಬಾಯಿ ದೊಡ್ಡದು. ‘ಐತಿ’ ಎಂದರೆ ಮೂರನೆಯ ಬಾಗಿಲಿನವರಿಗೂ ಕೇಳುತ್ತಿತ್ತು. ನನ್ನದೋ, ಮೂಗಿನ ತುದಿಯಲ್ಲಿ ಸಿಟ್ಟು.

ಕಳೆದ ಡಿಸೆಂಬರಿನಲ್ಲಿ ನಡೆದದ್ದು. ಬೆಳಿಗ್ಗೆ ನಾನು ರೊಟ್ಟಿಗೆ ಕಡಲೆಹಿಟ್ಟಿನ ಜುಣಕ ಮಾಡಿದ್ದೆ. ಫಕೀರಕ್ಕ ಒಂದು ತುತ್ತು ಬಾಯಿಗಿಟ್ಟು, “ಯವ್ವಾ, ಕೈ ಜಾರಿತೇನ? ಇದು ಜುಣಕ ಅಲ್ಲ, ಉಪ್ಪಿನಕಾಯಿ” ಎಂದಳು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅಂದು ಏನಾಗಿತ್ತೋ, “ಬ್ಯಾಡಾಗಿದ್ರ ಬಿಡು, ನಿನ್ನ ಬಾಯಾಗ ಯಾರೂ ತುರುಕಂಗಿಲ್ಲ” ಎಂದುಬಿಟ್ಟೆ. ಅವಳು ತಟ್ಟೆ ಸರಿಸಿ ಎದ್ದಳು. ಅಷ್ಟಕ್ಕೇ ಮಾತು ನಿಂತಿತು. ಬಾಗಿಲು ದಾಟಿ, ಮೆಟ್ಟಿಲು ಏರಿ, ನಮ್ಮ ಪಾಲಿನ ಪದರಿಗೆ ಬರುವವರೆಗೂ ಇಬ್ಬರ ಮುಖವೂ ಊದಿತ್ತು. ಅರವತ್ತು ದಾಟಿದ ಇಬ್ಬರು ಹೆಂಗಸರು ಒಂದು ಚಿಟಿಕೆ ಉಪ್ಪಿಗಾಗಿ ಠೂ ಬಿಟ್ಟಿದ್ದೆವು, ನಿಖಿತಾ.

ಮೊದಲ ಚೀಲದಲ್ಲೇ ನಿನ್ನ ಡಬ್ಬಿ. ಜೊತೆಗಿದ್ದ ಹಾಲಿನ ಪ್ಯಾಕೆಟ್ಟಿನ ಮೇಲೆ ೨೦೨೭ರ ಜೂನ್ ಒಂಬತ್ತು ಎಂದಿತ್ತು. ಡಬ್ಬಿಗೆ ನೀನು ಕಂದು ಬಣ್ಣದ ಅಗಲ ಟೇಪು ಎಂಟು ಸುತ್ತು ಸುತ್ತಿದ್ದೆ. ಎಷ್ಟು ಬಿಗಿ ಎಂದರೆ ಎಪ್ಪತ್ತು ವರ್ಷವಾದರೂ ಒಳಗೆ ಒಂದು ಹನಿ ನೀರು ಇಳಿದಿರಲಿಲ್ಲ. ಗವುಸು ಇಳಿಸಿ ‘ಮರಳು ಐತೇನು?’ ಎಂದೆ. ಅವಳ ಮುಖ ನೋಡದೆಯೇ ಎಂದೆ. ಉತ್ತರವಿಲ್ಲ. ಇನ್ನೊಂದು ಸಲ ಕೇಳಬೇಕಿತ್ತು. ಇನ್ನೊಂದು ಸಲ ಕೇಳಿದರೆ ನಾನು ಸೋತ ಹಾಗೆ ಎಂದು ಆ ಹೊತ್ತಿಗೆ ಅನ್ನಿಸಿತು. ಬಕೀಟು ಹಿಡಿದು ಅಲ್ಲೇ ನಿಂತಿದ್ದಾಳೆ ಎಂದು ನನಗೆ ಗೊತ್ತು, ಅಂದರೂ ಅನ್ನದಿದ್ದರೂ ಮರಳು ಮರಳೇ. ಗವುಸು ಏರಿಸಿ, ಕತ್ತರಿಯನ್ನೂ ಬಿಟ್ಟು, ಸೊಂಟದ ಚಾಕು ತೆಗೆದು ಮುಚ್ಚಳದ ಸಂದಿಗೆ ಹಾಕಿ ಒತ್ತಿದೆ. ತುಕ್ಕು ಹಿಡಿದ ತಗಡು ಹರಿದು ಚಾಕು ಒಳಕ್ಕೆ ಜಾರಿತು. ಒಳಗಿಂದ ಸುಂಯ್ ಎಂದಿತು.

ಸದ್ದಿಗೆ ಬೆಚ್ಚಿ ಹಿಂದೆ ತಿರುಗಿದಾಗ ನಾನು ಕಂಡದ್ದನ್ನು ಹೇಳುತ್ತೇನೆ. ಫಕೀರಕ್ಕನ ಗವುಸು ಗದ್ದದ ಕೆಳಗಿತ್ತು. ಬಾಯಿ ತೆರೆದಿತ್ತು. ಅವಳು ಸೋತಿದ್ದಳು ಕಣೇ, ಉತ್ತರ ಕೊಡಲು ಹೊರಟಿದ್ದಳು. ಒಂದು ಉಸಿರಿನಷ್ಟು ತಡವಾಗಿತ್ತು, ಅಷ್ಟೇ. ಗವುಸು ಏರಿಸಿಕೊಳ್ಳಲು ನಿಲ್ಲದೆ ಅವಳು ನನ್ನನ್ನು ಕಾಲಿನಿಂದ ಆಚೆ ಒದ್ದು, ತೊಟ್ಟಿಯ ಮೇಲೆ ಬಗ್ಗಿ ಇಡೀ ಬಕೀಟು ಸುರಿದಳು. ಬೆಂಕಿ ಆರಿತು. ಅದರ ಬಿಳಿ ಹೊಗೆಯಷ್ಟೂ ಅವಳ ಬಾಯಿಗೆ ಹೋಯಿತು. ನನ್ನ ಎಡಗೈಗೆ ನಾಲ್ಕು ಬೊಬ್ಬೆ ಎದ್ದದ್ದು ಬಿಟ್ಟರೆ ನನಗೇನೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಗಂಟಲು ಸುಟ್ಟಿತ್ತು, ಶ್ವಾಸಕೋಶ ಸುಟ್ಟಿತ್ತು, ಆ ದೊಡ್ಡ ಬಾಯಿಯಿಂದ ಒಂದು ಅಕ್ಷರ ಹೊರಡಲಿಲ್ಲ. ಮೂರನೆಯ ದಿನ ನಾನು ಗಂಜಿ ಒಯ್ದಾಗ ಒಂದು ಚಮಚ ನುಂಗಿ, ಹೆಬ್ಬೆರಳು ತೋರುಬೆರಳು ಸೇರಿಸಿ ಚಿಟಿಕೆ ತೋರಿಸಿದಳು. ಉಪ್ಪು ಕಮ್ಮಿ ಎಂದು! ನಗಲು ಹೋಗಿ ನೋವಿನಿಂದ ಮುಖ ಹಿಂಡಿಕೊಂಡಳು. ನಾನು ಅತ್ತೆ. ಹತ್ತನೆಯ ದಿನ ಗಂಜಿಯ ಡಬ್ಬಿ ಹಿಡಿದುಕೊಂಡು ಹಾಗೇ ವಾಪಸು ಬಂದೆ.

ನಿನ್ನನ್ನು ಎಷ್ಟು ಬೈದಿದ್ದೇನೆ, ಬಲ್ಲೆಯಾ? ಹಾಳಾದವಳು, ಹದಿನೇಳಕ್ಕೇ ಹೊಗೆ ಬೇಕಿತ್ತು ಇವಳಿಗೆ ಎಂದು ದಿನಾ ಬೈದೆ. ಆಮೇಲೆ ಒಂದು ದಿನ ತೊಟ್ಟಿ ತೊಳೆಯುವಾಗ ಹಾರಿ ಬಿದ್ದಿದ್ದ ಮುಚ್ಚಳ ಸಿಕ್ಕಿತು. ನಿನ್ನ ಹೆಸರಿನ ಪಕ್ಕದಲ್ಲಿ ನೀನು ಒಂದು ಚೀಟಿ ಅಂಟಿಸಿದ್ದೆ, ಅಂಚು ಮಾತ್ರ ಕರಕಾಗಿತ್ತು. ‘ಇದ ಕಡೀದು. ಇನ್ನ ಮುಟ್ಟೂದಿಲ್ಲ. ಅವ್ವನ ಆಣಿ.’ ಅದನ್ನು ಮತ್ತೆ ಮತ್ತೆ ಓದಿದೆ. ಬಿಟ್ಟುಬಿಡಬೇಕೆಂದು ಎಸೆದದ್ದು ನೀನು. ಮತ್ತೆ ಕೈ ಹೋಗದಿರಲೆಂದು ಎಂಟು ಸುತ್ತು ಸುತ್ತಿದ್ದು. ಸಿಟ್ಟು ಮಾಡಿಕೊಳ್ಳಲಿಕ್ಕೂ ಬಿಡಲಿಲ್ಲವಲ್ಲೇ ನನ್ನನ್ನು. ಅಂದಿನಿಂದ ನಿನ್ನನ್ನು ಬೈಯುವುದು ನಿಂತಿದೆ, ನನ್ನನ್ನು ಬೈದುಕೊಳ್ಳುವುದು ನಿಂತಿಲ್ಲ.

ಈಗ ನನಗೆ ಮುಚ್ಚಿದ್ದೇನನ್ನೂ ಮುಟ್ಟಲು ಬಿಡುವುದಿಲ್ಲ. ಒಂಟಿಯಾದವಳಿಗೆ ಬಟ್ಟೆಬರೆ ಆರಿಸುವ ಕೆಲಸ. ಕೋಣೆಯಲ್ಲಿ ಎರಡು ಮೊಳೆ, ಒಂದರಲ್ಲಿ ಅವಳ ಗವುಸು ಇನ್ನೂ ತೂಗುತ್ತಿದೆ. ರೊಟ್ಟಿ ಬಡಿಯುವಾಗ ಲೆಕ್ಕ ತಪ್ಪಿ ನಾಲ್ಕು ಬಡಿಯುತ್ತೇನೆ, ಎರಡು ಒಣಗುತ್ತವೆ. ಎಷ್ಟೋ ದಿನ ಯಾರೊಂದಿಗೂ ಒಂದು ಮಾತಿಲ್ಲದೆ ಸಂಜೆಯಾಗುತ್ತದೆ. ಮೊನ್ನೆ ಮೇಸ್ತ್ರಿ ಬಂದು, “ದಾಕ್ಷಾಯಣವ್ವಾ, ಒಬ್ಬಾಕಿನ ಎಷ್ಟ ದಿನ ಅಂತ ಇರತಿ? ಹೊರದಿನ ಮುಗೀತಿದ್ದಂಗ ಲಕ್ಷ್ಮೇಶ್ವರದಾಕಿ ಒಬ್ಬಾಕಿ ಬರತಾಳ, ಜೋಡಿ ಆಗು” ಎಂದ. ಆಗಲಿ ಎಂದಿದ್ದೇನೆ. ನಿನಗೆ ಪತ್ರ ಬರೆಯುತ್ತೇನೆ ಎಂದಾಗ ಅವನು ನಕ್ಕ. ಹಿಂದಕ್ಕೆ ಹೋಗುವ ಅಂಚೆ ನಮ್ಮ ಕಾಲದಲ್ಲೂ ಇಲ್ಲ, ಅದು ನನಗೂ ಗೊತ್ತು. ಆದರೂ ಬರೆಯುತ್ತಿದ್ದೇನೆ. ಇದು ಹೇಗಾದರೂ ಜೂನ್ ಒಂಬತ್ತಕ್ಕೆ ಮೊದಲು ನಿನ್ನ ಕೈ ಸೇರಿದರೆ ಫಕೀರಕ್ಕ ಬದುಕುತ್ತಾಳೆ. ನಾನು ಈ ಪತ್ರ ಬರೆದೇ ಇರುವುದಿಲ್ಲ, ಇಬ್ಬರೂ ಈ ಬೆಳಿಗ್ಗೆ ಬಾಗಿಲಲ್ಲಿ ಕೂತು ಗಾಡಿಗಳಿಗೆ ಹೆಸರಿಟ್ಟಿರುತ್ತೇವೆ. ನಿನಗೆ ಸೇರದೆ ನಿನ್ನಂಥ ಇನ್ಯಾರಿಗೋ ಸೇರಿದರೂ ಸರಿ, ಇನ್ಯಾರದೋ ಜೋಡಿ ಉಳಿಯುತ್ತದೆ.

ಕೇಳು. ನೀನು ಬಿಟ್ಟದ್ದು ಒಳ್ಳೆಯದೇ, ಆಣೆ ಇಟ್ಟದ್ದೂ ಒಳ್ಳೆಯದೇ. ಅದನ್ನು ಕಂಪಾಸ್ ಪೆಟ್ಟಿಗೆಗೆ ಮಾತ್ರ ಹಾಕಬೇಡ, ಅದು ತಗಡು, ಒಳಗೆ ಕೈವಾರದ ಮೊನೆ. ಚುಚ್ಚಬೇಡ, ಜಜ್ಜಬೇಡ, ಬಿಸಿಲಿಗಿಡಬೇಡ, ಮುಸುರೆಯ ಚೀಲಕ್ಕೆ ಕಟ್ಟಬೇಡ. ಎಂಟು ಸುತ್ತು ಸುತ್ತುವ ಆ ಟೇಪಿನಲ್ಲಿ ಎರಡೇ ತುಂಡು ಹರಿದುಕೋ. ಬ್ಯಾಟರಿ ಬಿಚ್ಚಿ ಬರುವಂಥದ್ದಾದರೆ ಅದರ ಎರಡು ತುದಿಗೂ ಅಂಟಿಸು, ಬಾರದಿದ್ದರೆ ಕಿತ್ತು ತೆಗೆಯಲು ಹೋಗದೆ ಚಾರ್ಜ್ ಮಾಡುವ ಬಾಯಿಗೆ ಅಂಟಿಸು. ಆಮೇಲೆ ಹಳೆಯ ಬ್ಯಾಟರಿ ತೆಗೆದುಕೊಳ್ಳುವವರ ಕೈಗೆ ಕೊಟ್ಟು ಬಾ. ಎಲ್ಲಿಯದು ಎಂದು ಕೇಳಿದರೆ ನಿನ್ನ ಅವ್ವನನ್ನೇ ಕರೆದುಕೊಂಡು ಹೋಗು. ಬೈಯುತ್ತಾಳೆ, ಎರಡು ಬಿಗಿದರೂ ಬಿಗಿದಾಳು. ಬೈಯಲು ಒಬ್ಬರು ಇರುವುದು ಎಷ್ಟು ದೊಡ್ಡದೆಂದು ನಿನಗೆ ಈಗ ತಿಳಿಯುವುದಿಲ್ಲ.

ಇನ್ನೊಂದು ಸಣ್ಣ ಕೆಲಸ, ನನಗಾಗಿ. ಟೇಪು ಅಂಟಿಸಿದ ಮೇಲೆ, ಕೋಣೆಯಲ್ಲಿ ಯಾರಿಲ್ಲದಿದ್ದರೂ, ನಾಚಿಕೊಳ್ಳದೆ ‘ಐತಿ’ ಎಂದು ಒಂದು ಸಲ ಗಟ್ಟಿಯಾಗಿ ಹೇಳು. ಫಕೀರಕ್ಕನ ಬಾಯಿಯಲ್ಲೇ ಉಳಿದುಹೋದ ಮಾತು ಅದು. ಬರೆದು ಮುಗಿಸಿ ನಾನು ನಮ್ಮ ಪದರಿನ ಹತ್ತಿರ ಹೋಗುತ್ತೇನೆ. ಇವತ್ತು ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ, ನಗುವವರಿಲ್ಲ. ಗವುಸು ಇಳಿಸಿ, ಮರಳು ಐತೇನು ಎಂದು ಕೂಗುತ್ತೇನೆ.

ಈ ಸಲ ನಾನು ಕಾಯುತ್ತೇನೆ.

ದಾಕ್ಷಾಯಣಿ