ನಾನು ನಡೆಯುತ್ತೇನೆ ಎಂದು ಬರೆಯಿರಿ

ಬಾಣಸವಾಡಿ
ಸೋಮವಾರ ಬೆಳಗ್ಗೆ

ಮೇಲ್ವಿಚಾರಕಿ ಹಂಸಮ್ಮನವರಿಗೆ ನಮಸ್ಕಾರ.

ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಸೊಂಟ ಮುರಿದು ಆಸ್ಪತ್ರೆಯಿಂದ ನಿಮ್ಮ ವೃದ್ಧಾಶ್ರಮಕ್ಕೆ ಬಂದಾಗ, ‘ಏಳಲಾರರು, ಇಬ್ಬರು ಹಿಡಿಯಬೇಕು’ ಎಂದು ನನ್ನ ಆರೈಕೆಯ ಶೀಟಿನಲ್ಲಿ ಬರೆದಿರಿ. ಆಗ ಅದು ನಿಜ. ಆಮೇಲೆ ಹಲಸೂರಿನ ಫಿಸಿಯೋ ಹುಡುಗಿ ದಿವ್ಯ ಬೈದು ಬೈದು ನನ್ನನ್ನು ನಡೆಸಿದಳು. ಈಗ ವಾಕರ್ ಹಿಡಿದು ಒಬ್ಬನೇ ಓಡಾಡುತ್ತೇನೆ. ನೀವೇ ನೋಡಿ ಚಪ್ಪಾಳೆ ತಟ್ಟಿದಿರಿ. ಶೀಟು ಮಾತ್ರ ತಿದ್ದಲಿಲ್ಲ.

ಹಳೇ ಸಿಸ್ಟರುಗಳಿಗೆ ಇದೆಲ್ಲ ಗೊತ್ತಿತ್ತು. ಮೊನ್ನೆ ಹೊಸಬಳು ಬಂದವಳೇ ಶೀಟು ಓದಿ, ನಾನು ಇಳಿಯದ ಹಾಗೆ ಮಂಚದ ಪಕ್ಕದ ಕಂಬಿ ಎತ್ತಿ, ವಾಕರನ್ನು ಸ್ಟೋರಿಗೆ ಹಾಕಿಬಿಟ್ಟಳು.

“ನಾನು ನಡೀತೀನಿ ಕಣಮ್ಮಾ” ಅಂದೆ.

“ಸುಮ್ನೆ ಮಲ್ಕೊಳ್ಳಿ ತಾತ, ಇಲ್ಲಿ ಹಂಗೆ ಬರ್ದಿಲ್ಲ” ಅಂದಳು.

ಕಾಲು ನನ್ನದೋ, ಶೀಟಿನದೋ?

ಹೆಂಗಸರ ವಾರ್ಡಿನಲ್ಲಿರುವ ನನ್ನ ಹೆಂಡತಿ ಅಕ್ಕಯಮ್ಮನಿಗೆ ಈಗ ಯಾರ ಗುರುತೂ ಸರಿಯಾಗಿ ಹತ್ತುವುದಿಲ್ಲ. ಬೆಳಗ್ಗೆ ನಾನು ಹೋಗಿ ಎದುರಿಗೆ ಕೂತರೆ ಮಾತ್ರ ತಿಂಡಿ ತಿನ್ನುತ್ತಾಳೆ. ಬೇರೆಯವರು ಕೊಟ್ಟರೆ ಉಗುಳುತ್ತಾಳೆ. ಮೊನ್ನೆಯಿಂದ ನಾನು ಹೋಗಿಲ್ಲ. ತಟ್ಟೆ ಹಾಗೇ ವಾಪಸ್ ಬರುತ್ತಿದೆಯಂತೆ, ಆಯಾ ಹೇಳಿದಳು.

ಇವತ್ತೇ ಬನ್ನಿ. ನಾನು ನಡೆಯುವುದನ್ನು ಕಣ್ಣಾರೆ ನೋಡಿ ಹೊಸದಾಗಿ ಬರೆಯಿರಿ. ನಾಳೆ ತಿಂಡಿ ಹೊತ್ತಿಗೂ ಕಂಬಿ ಇಳಿಯದಿದ್ದರೆ ನಾನೇ ಹತ್ತಿ ದಾಟುತ್ತೇನೆ. ಬಿದ್ದರೆ ನಿಮ್ಮ ಹಳೇ ಶೀಟೇ ನಿಜವಾಗುತ್ತದೆ, ತಿದ್ದುವ ಕೆಲಸ ಇರುವುದಿಲ್ಲ.

ಇಂತಿ,
ಕಿಟಕಿ ಪಕ್ಕದ ಮಂಚದ ಮುನಿಆಂಜನಪ್ಪ