ಹಳದಿ ವಿಮಾನದ ಕ್ಷಮಾಗುಣ

ಮನೆಯಿಂದ, ನಿಮ್ಮ ಗಡಿಯಾರ ರಿಪೇರಿಯ ಮೇಜಿನ ಮುಂದೆ ಕೂತು
ಭಾನುವಾರ, ಹನ್ನೊಂದನೆಯ ತಾರೀಖು, ಮಧ್ಯಾಹ್ನ

ಪ್ರೀತಿಯ ಅಜ್ಜಾ,

ಕಿತಾಪತಿ ಎಂದು ತಾವೇ ಬಿರುದು ದಯಪಾಲಿಸಿದ ಮೊಮ್ಮಗಳ ವಿನಯಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೇ? ಅತ್ತೆಯ ಮನೆಯಲ್ಲಿ ನಿದ್ದೆ ಸರಿಯಾಗಿ ಬರುತ್ತಿದೆಯೇ? ಬಲಗೈ ಕ್ಷೇಮವೇ? ಹೆಬ್ಬೆರಳಿನವರು, ತೋರುಬೆರಳಿನವರು, ಉಳಿದ ಮೂವರು, ಎಲ್ಲರೂ ಸೌಖ್ಯವೇ? ಒಬ್ಬೊಬ್ಬರ ಸಮಾಚಾರವನ್ನೂ ಬೇರೆಬೇರೆಯಾಗಿ ಬರೆಯಬೇಕೆಂದು ಕೋರಿಕೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಾನೊಬ್ಬಳು ಮಾತ್ರ ಹೆದರಿಕೊಂಡಿದ್ದೇನೆ. ನಗಬೇಡಿ. ಚಪ್ಪಲಿಯೊಳಗೆ ರಬ್ಬರ್ ಹಲ್ಲಿ ಇಡೋಳಿಗೆ ಎಂಥಾ ಹೆದರಿಕೆಯೇ ಅಂತ ಅಮ್ಮ ಆಗಲೇ ನಕ್ಕಾಗಿದೆ.

ನಿಮ್ಮ ಕಾಗದ ನಿನ್ನೆ ಬಂತು. ಅಪ್ಪ ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದರು. “ನನ್ನ ಕೈಗೆ ಏನೂ ಆಗಿಲ್ಲ, ಎಲ್ಲಾ ಆ ಕಿತಾಪತಿ ಮಾಡಿದ್ದು. ಗುರುವಾರ ನರದ ಡಾಕ್ಟರ ಹತ್ತಿರ ಹೋಗಲ್ಲ, ಸುಮ್ನೆ ಯಾಕೆ?” ಎಂಬಲ್ಲಿಗೆ ಬಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ.

ಹೋದ ಭಾನುವಾರದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಳೆಯ ಇಟ್ಟಿಗೆ ಭಟ್ಟಿಯ ಬಯಲಲ್ಲಿ ನೀವು ರಿಮೋಟ್ ಹಿಡಿದು ಆ ಪುಟ್ಟ ಕೆಂಪು ಆಟದ ವಿಮಾನವನ್ನು ಅಂಗಾತ ಹಾರಿಸಿಕೊಂಡು ತಗ್ಗಿಗೆ ತಂದಿರಿ. ನೆಟ್ಟಗೆ ಮಾಡಬೇಕಾದ ಜಾಗದಲ್ಲಿ ಅದು ತಿರುಗಲಿಲ್ಲ. ಅಪ್ಪನ ಕಿವಿಯ ಪಕ್ಕದಲ್ಲೇ ಗುಂಯ್ ಎಂದು ಹೋಗಿ ಇಟ್ಟಿಗೆ ರಾಶಿಗೆ ಬಡಿದು ಪುಡಿಪುಡಿಯಾಯಿತು. ಎಲ್ಲರೂ ನನ್ನನ್ನೇ ನೋಡಿದರು. ನೋಡದೆ ಏನು ಮಾಡುತ್ತಾರೆ! ಎಡಕ್ಕೆ ಒತ್ತಿದರೆ ವಿಮಾನ ಬಲಕ್ಕೆ ಹೋಗುವ ಹಾಗೆ ಚಿಕ್ಕಪ್ಪನ ರಿಮೋಟನ್ನು ಸಜ್ಜುಗೊಳಿಸಿದ ಮಹತ್ಕಾರ್ಯ ಹಿಂದೊಮ್ಮೆ ನನ್ನಿಂದಲೇ ಆಗಿತ್ತಲ್ಲ. “ಮತ್ತೆ ಎಡಬಲ ಅದಲುಬದಲು ಮಾಡಿದೀಯೇನೇ?” ಅಂತ ಚಿಕ್ಕಪ್ಪ ಗದರಿದರು. “ತಪ್ಪಾಯ್ತು” ಅಂತ ತಲೆ ತಗ್ಗಿಸಿದೆ. ಸುಣ್ಣದ ಹಾಗಿದ್ದ ನಿಮ್ಮ ಮುಖಕ್ಕೆ ಆಗ ಜೀವ ಬಂತು. “ನೋಡಿದ್ರಾ, ನಾನು ಹೇಳಲಿಲ್ವಾ!” ಎಂದಿರಿ. ಒಂದು ತಿಂಗಳು ಪಾತ್ರೆ ತೊಳೆಯುವುದು, ಜೊತೆಗೆ ದೊಡ್ಡದಾದ, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವಂಥ ಹೊಸ ವಿಮಾನ ಆರಿಸಿ ವರದಿ ಒಪ್ಪಿಸುವುದು ನನಗೆ ವಿಧಿಸಲಾದ ಶಿಕ್ಷೆ. ಪಾತ್ರೆಗಳು ಹೊಳೆಯುತ್ತಿವೆ. ವರದಿ ಹೀಗಿದೆ.

ಅಂಗಡಿಯವರು ಮೊದಲು ಕೆಂಪು ವಿಮಾನದ ಅವಳಿಯಂಥದ್ದನ್ನೇ ತೋರಿಸಿದರು. ಬೇಡವೆಂದೆ. ಚಿಕ್ಕದು ಬಲು ಚುರುಕು, ಬೆರಳು ಕೂದಲೆಳೆಯಷ್ಟು ಸರಿದರೂ ಮಗುಚುತ್ತದೆ; ನಾಲ್ಕು ಮಾರು ದೂರ ಹೋದರೆ ಹೊಟ್ಟೆ ಯಾವುದು ಬೆನ್ನು ಯಾವುದು ತಿಳಿಯದು. ಆಮೇಲೆ ಅಟ್ಟದಿಂದ ಹಳದಿಯದನ್ನು ಇಳಿಸಿದರು. ರೆಕ್ಕೆ ನಮ್ಮ ಊಟದ ಮೇಜಿಗಿಂತ ಒಂದು ಗೇಣು ಉದ್ದ, ಅಡಿಯಲ್ಲಿ ಅಗಲವಾದ ಕಪ್ಪು ಪಟ್ಟೆ. ಗಾಳಿಗೆ ಅಷ್ಟಾಗಿ ಅಲುಗುವುದಿಲ್ಲವಂತೆ, ನಿಧಾನ ಮಾಡಿದರೂ ದೊಪ್ಪನೆ ಬೀಳುವುದಿಲ್ಲವಂತೆ, ಪಲ್ಟಿ ಮಾತ್ರ ಒಂದನ್ನೂ ಬಿಡದೆ ಹೊಡೆಯುತ್ತದಂತೆ. “ಚಿಕ್ಕದು ತಪ್ಪು ಮಾಡಿದ ತಕ್ಷಣ ಕಪಾಳಕ್ಕೆ ಬಾರಿಸುತ್ತಮ್ಮ. ಇದು ಮೊದಲು ಕೆಮ್ಮಿ ತೋರಿಸುತ್ತೆ” ಎಂದರು. ಹಾರಿಸೋರ ಹೆಬ್ಬೆರಳು ಒಂದು ಉಸಿರಿನ ಹೊತ್ತು ಮಾತು ಕೇಳದಿದ್ದರೆ ಅಂತ ಕೇಳಿದೆ. ಎತ್ತರದಲ್ಲಿದ್ದರೆ ಬದುಕಿಕೊಳ್ಳುತ್ತೆ ಅಂದರು. ಎರಡು ಉಸಿರು ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಹಾರಿಸೋರು ಯಾರಮ್ಮ?” ನಮ್ಮಜ್ಜ ಅಂದೆ. ಹಾಗಾದರೆ ಪಕ್ಕದಲ್ಲಿ ಇನ್ನೊಬ್ಬರು ಜೋಡಿ ರಿಮೋಟ್ ಹಿಡಿದು ನಿಲ್ಲಲಿ, ಬೇಕಾದಾಗ ಅವರು ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳಬಹುದು ಎಂದರು. ಆ ಇನ್ನೊಬ್ಬರು ಯಾರೆಂದು ತಿಳಿದಿದ್ದರೆ ಅಂಗಡಿಯನ್ನೇ ಮುಚ್ಚಿಬಿಡುತ್ತಿದ್ದರು, ಪಾಪ.

ಹಳದಿಯದನ್ನೇ ತೆಗೆದಿರಿಸಲು ಹೇಳಿ ಬಂದಿದ್ದೇನೆ. ಆದರೂ ಅಜ್ಜಾ, ಅದರ ಮುಂದಿನ ಫ್ಯಾನು ನನ್ನ ಒಂದು ಮೊಳದಷ್ಟು ಉದ್ದ. ಬೆರಳಿನಿಂದ ಒಂದು ಸುತ್ತು ತಿರುಗಿಸಿ ನೋಡಿದೆ, ಅಷ್ಟಕ್ಕೇ ಕೈ ಹಿಂದಕ್ಕೆ ಎಳೆದುಕೊಂಡೆ. ಎಷ್ಟು ಕ್ಷಮಿಸಿದರೂ ಅದು ಅಪ್ಪನ ಕಿವಿಯ ಪಕ್ಕದಲ್ಲಿ ಹೋಗಬಾರದು.

ಇನ್ನೊಂದು ವಿಷಯ. ಇವತ್ತು ನಿಮ್ಮ ಮೇಜಿನ ಕೆಳಗೆ ಗುಡಿಸಿದೆ. ಏಳು ಪುಟ್ಟ ಸ್ಕ್ರೂ ಸಿಕ್ಕವು. ನಲವತ್ತು ವರ್ಷದಲ್ಲಿ ಒಂದನ್ನೂ ಕೆಳಗೆ ಬೀಳಿಸಿದವರಲ್ಲ ನೀವು. ಡಬ್ಬಿಗೆ ಹಾಕಿಟ್ಟಿದ್ದೇನೆ, ಯಾರಿಗೂ ಹೇಳಿಲ್ಲ.

ಅತ್ತೆಗೆ ನಮಸ್ಕಾರ. ಅವರ ಪಾಪುವಿನ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದು ಚಿವುಟು, ಮೆಲ್ಲಗೆ.

ತಮ್ಮ ಆಶೀರ್ವಾದಕ್ಕೆ ಯಾವ ಅರ್ಹತೆಯೂ ಇಲ್ಲದೆ ಕಾದಿರುವ,
ಕಿತಾಪತಿ

ತಾ.ಕ.: ಚಿಕ್ಕಪ್ಪ ಅತ್ತೆಯ ಊರಿಗೆ ಹೊರಟು ಬೈಕ್ ಶುರು ಮಾಡಿಯಾಯಿತು, ಕಾಗದ ಕೊಡು ಅಂತ ಹಾರ್ನ್ ಹೊಡೆಯುತ್ತಿದ್ದಾರೆ. ಅಜ್ಜಾ, ಈ ತಾವು-ನೀವು ಸಾಕು. ಆ ದಿನ ನಾನು ರಿಮೋಟ್ ಮುಟ್ಟಿರಲಿಲ್ಲ. ನಿನ್ನ ಬಲಗಡೆಯೇ ನಿಂತಿದ್ದೆ. ನಿನ್ನ ಹೆಬ್ಬೆರಳು ಅಲುಗಲಿಲ್ಲ. ನೀನು ವಿಮಾನ ನೋಡುವುದು ಬಿಟ್ಟು ಬೆರಳನ್ನೇ ನೋಡುತ್ತಿದ್ದೆ. ಚಿಕ್ಕಪ್ಪ ಕೇಳಿದಾಗ ನೀನೂ ನನ್ನ ಮುಖ ನೋಡಿದೆ, ಒಪ್ಪಿಕೊಳ್ಳಲಿ ಅನ್ನೋ ಹಾಗೆ. ಅದಕ್ಕೇ ತಪ್ಪಾಯ್ತು ಅಂದೆ. ಗುರುವಾರ ಹೋಗು. ಅತ್ತೆಗೂ ಫೋನ್ ಮಾಡಿ ಹೇಳುತ್ತೇನೆ. ಇದೂ ಇವಳ ಕಿತಾಪತಿಯೇ ಅಂತ ಬೇಕಾದರೆ ಅಂದುಕೋ, ಆದರೆ ಡಾಕ್ಟರಿಗೆ ಕೈ ತೋರಿಸಿದ ಮೇಲೆ ಅಂದುಕೋ.